ಕಡತ ಹಿಡಿದ ಕೈ: ಬ್ರೂಕ್ಲಿನ್ ವಕೀಲ ಎಮ್ಯಾನ್ಯುಯೆಲ್ ಸೆಲ್ಲರ್ ಸಂಸತ್ತಿನಲ್ಲಿ ಕಳೆದ ಅರ್ಧ ಶತಮಾನ – ಒಂದು ಪ್ರಕರಣ ಅಧ್ಯಯನ

ಅಮೆರಿಕದ ಕನ್ನಡ ಕೂಟಗಳನ್ನು ಕಟ್ಟಿದ ಮೊದಲ ತಲೆಮಾರಿನ ವೈದ್ಯರು, ಎಂಜಿನಿಯರುಗಳು, ಪ್ರಾಧ್ಯಾಪಕರು ಆ ದೇಶದಲ್ಲಿ ಕಾಯಂ ಆಗಿ ನೆಲೆಸಲು ಸಾಧ್ಯವಾದದ್ದು 1965ರ ವಲಸೆ ಕಾನೂನಿನಿಂದ. ಆ ಕಾನೂನಿಗೆ ಇಬ್ಬರ ಹೆಸರಿದೆ: ಸೆನೆಟ್‌ನ ಫಿಲಿಪ್ ಹಾರ್ಟ್ ಮತ್ತು ಪ್ರತಿನಿಧಿ ಸಭೆಯ ಎಮ್ಯಾನ್ಯುಯೆಲ್ ಸೆಲ್ಲರ್. ಸೆಲ್ಲರ್ ವೃತ್ತಿಯಿಂದ ವಕೀಲರು. 1923ರ ಮಾರ್ಚ್‌ನಿಂದ 1973ರ ಜನವರಿವರೆಗೆ, 50 ವರ್ಷಕ್ಕೆ ಎರಡೇ ತಿಂಗಳು ಕಡಿಮೆ, ನ್ಯೂಯಾರ್ಕಿನ ಬ್ರೂಕ್ಲಿನ್ ಅನ್ನು ಪ್ರತಿನಿಧಿಸಿದರು. ಗೆದ್ದ ಚುನಾವಣೆಗಳು ಒಟ್ಟು 25.

ಅವರ ಬದುಕನ್ನು ಭಾಷಣಗಳ ಮೂಲಕ ಹೇಳುವುದು ರೂಢಿ. ನಮಗೆ ಕಾಣುವ ಸೆಲ್ಲರ್ ಬೇರೆ. ಮಸೂದೆ ಯಾರ ಮೇಜಿನ ಮೇಲಿದೆ, ಅವರು ಅದನ್ನು ಯಾವಾಗ ಬಿಡುತ್ತಾರೆ, ಯಾವ ಕಲಮು ಮೊದಲು ಬರುತ್ತದೆ ಎಂಬುದನ್ನೇ ಕೊನೆಯವರೆಗೂ ಗಮನಿಸಿದ ವಕೀಲರು ಅವರು. ಅವರನ್ನು ಮೇಲೆತ್ತಿದ್ದು ಈ ವಿದ್ಯೆ. ಕೊನೆಗೆ ಕೆಡವಿದ್ದೂ ಇದೇ.

ವೈನ್ ಮಾರಿ ಓದಿದ ಹುಡುಗ

ಸೆಲ್ಲರ್ ಹುಟ್ಟಿದ್ದು 1888ರ ಮೇ 6ರಂದು, ಬ್ರೂಕ್ಲಿನ್‌ನಲ್ಲಿ, ಜರ್ಮನಿಯಿಂದ ಬಂದಿದ್ದ ಯಹೂದಿ ಮನೆತನದ ಮೊಮ್ಮಗನಾಗಿ. ವಿಸ್ಕಿ ವ್ಯಾಪಾರ ಮುರಿದುಬಿದ್ದ ಮೇಲೆ ತಂದೆ ಮನೆಮನೆಗೆ ವೈನ್ ಮಾರುತ್ತಿದ್ದರು. ಮಗ ಕಾಲೇಜಿನಲ್ಲಿದ್ದಾಗ ತಂದೆ ತೀರಿಕೊಂಡರು, ಕೆಲವೇ ತಿಂಗಳಲ್ಲಿ ತಾಯಿಯೂ ಹೋದರು. ತಂದೆಯ ಗಿರಾಕಿಗಳ ಮನೆಗಳಿಗೆ ಮಗನೇ ವೈನ್ ಹೊತ್ತ. ಬೆಳಿಗ್ಗೆ ತರಗತಿ, ಮಧ್ಯಾಹ್ನದಿಂದ ಸಂಜೆವರೆಗೆ ಮಾರಾಟ. ಹಾಗೇ ಓದಿ ಕೊಲಂಬಿಯಾದಲ್ಲಿ 1910ರಲ್ಲಿ ಪದವಿ, 1912ರಲ್ಲಿ ಕಾನೂನು ಪದವಿ ಪಡೆದು, ಅದೇ ವರ್ಷ ವಕೀಲಿಕೆ ಶುರುಮಾಡಿದರು.

1922ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಸ್ಪರ್ಧಿಸಿದಾಗ ಕ್ಷೇತ್ರ ರಿಪಬ್ಲಿಕನ್ನರ ಕೈಯಲ್ಲಿತ್ತು. ಪಾನನಿಷೇಧವನ್ನು ಬಹಿರಂಗವಾಗಿ ವಿರೋಧಿಸಿ ಪ್ರಚಾರ ಮಾಡಿದರು, ಗೆದ್ದರು. ಇಟಲಿಯವರು, ಪೂರ್ವ ಯುರೋಪಿನ ಯಹೂದಿಗಳು ತುಂಬಿದ್ದ ಆ ಬೀದಿಗಳಲ್ಲಿ ಮುಂದಿನ 48 ವರ್ಷ ಅವರನ್ನು ಸೋಲಿಸುವವರು ಹುಟ್ಟಲಿಲ್ಲ. ಆ ಕಾಲದ ಸಂಸತ್ತಿನಲ್ಲಿ ಸಮಿತಿಯ ಅಧ್ಯಕ್ಷಗಿರಿ ಸಿಗುತ್ತಿದ್ದದ್ದು ಸೇವಾ ಹಿರಿತನದ ಮೇಲೆ ಮಾತ್ರ. ಹಾಗಾಗಿ ಸುಭದ್ರ ಕ್ಷೇತ್ರವೇ ಅಧಿಕಾರದ ಬಂಡವಾಳ. ತಾಳ್ಮೆ ಇದ್ದವರು ಕಾದು ಕುಳಿತು ಮೇಲೇರುತ್ತಿದ್ದರು.

1924: ಜನಗಣತಿಯ ಇಸವಿಯಲ್ಲಿ ಅಡಗಿದ್ದ ಕೈಚಳಕ

ಸದಸ್ಯರಾಗಿ ವರ್ಷ ತುಂಬಿದ ಹೊತ್ತಿಗೆ ಜಾನ್ಸನ್–ರೀಡ್ ವಲಸೆ ಮಸೂದೆ ಬಂತು. ಸದನದಲ್ಲಿ ಸೆಲ್ಲರ್ ಮಾಡಿದ ಮೊದಲ ದೊಡ್ಡ ಭಾಷಣ ಅದರ ವಿರುದ್ಧ. ಮಸೂದೆ ಹೇಗೆ ಕೆಲಸ ಮಾಡುತ್ತಿತ್ತೆಂದು ತಿಳಿಯದಿದ್ದರೆ 1965ರ ಬೆಲೆ ತಿಳಿಯುವುದಿಲ್ಲ.

1921ರ ತಾತ್ಕಾಲಿಕ ಕಾನೂನಿನ ಪ್ರಕಾರ, 1910ರ ಜನಗಣತಿಯಲ್ಲಿ ಒಂದು ದೇಶದಲ್ಲಿ ಹುಟ್ಟಿದವರು ಅಮೆರಿಕದಲ್ಲಿ ಎಷ್ಟಿದ್ದರೋ ಅದರ ಶೇಕಡಾ 3ರಷ್ಟು ಮಂದಿ ಆ ದೇಶದಿಂದ ವರ್ಷಕ್ಕೆ ಬರಬಹುದಿತ್ತು. 1924ರ ಮಸೂದೆ ಶೇಕಡಾ 3 ಅನ್ನು 2ಕ್ಕೆ ಇಳಿಸಿತು. ಅದು ಕಣ್ಣಿಗೆ ಕಾಣುವ ಬದಲಾವಣೆ. ನಿಜವಾದ ಪೆಟ್ಟು ಇದ್ದದ್ದು ಇಸವಿಯಲ್ಲಿ: 1910ರ ಜಾಗದಲ್ಲಿ 1890ರ ಜನಗಣತಿ ಬಂತು. ಇಟಲಿ, ಪೋಲೆಂಡ್, ರಷ್ಯಾದ ಜನ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1890ರ ನಂತರ. ಅವರು ಬರುವ ಮುಂಚಿನ ಲೆಕ್ಕವನ್ನು ಆಧಾರ ಮಾಡಿಕೊಂಡರೆ ಅವರ ಪಾಲು ತಾನಾಗಿ ಕುಸಿಯುತ್ತದೆ. ಇಟಲಿಯ ಕೋಟಾ 42,057ರಿಂದ 3,845ಕ್ಕೆ ಇಳಿಯಿತು. ಮಸೂದೆಯಲ್ಲಿ ಎಲ್ಲಿಯೂ ಇಟಲಿಯವರು ಬೇಡ, ಯಹೂದಿಗಳು ಬೇಡ ಎಂಬ ಮಾತಿರಲಿಲ್ಲ.

ಏಷ್ಯಾದವರ ಮಟ್ಟಿಗೆ ಇಷ್ಟು ಮರೆಯೂ ಇರಲಿಲ್ಲ. ಪೌರತ್ವಕ್ಕೆ ಅರ್ಹರಲ್ಲದವರು ವಲಸೆ ಬರುವಂತಿಲ್ಲ ಎಂದು ಕಾನೂನು ಹೇಳಿತು. ಭಾರತೀಯರು ಅರ್ಹರಲ್ಲ ಎಂದು 1923ರ ಫೆಬ್ರುವರಿಯಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಗಲೇ ತೀರ್ಪು ಕೊಟ್ಟಿತ್ತು, ಪೌರತ್ವ ಕಾನೂನಿನ ಅರ್ಥದಲ್ಲಿ ಅವರು ಬಿಳಿಯರಲ್ಲ ಎಂಬ ಕಾರಣಕ್ಕೆ. ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ವಾಪಸು ಕಿತ್ತುಕೊಳ್ಳಲಾಯಿತು.

1924ರ ಏಪ್ರಿಲ್‌ನಲ್ಲಿ ಪ್ರತಿನಿಧಿ ಸಭೆ 323–71 ಮತಗಳಿಂದ ಮಸೂದೆಯನ್ನು ಅಂಗೀಕರಿಸಿತು. ಸೆಲ್ಲರ್ ಆ 71ರಲ್ಲಿ ಒಬ್ಬರು. ಇದನ್ನು ತೆಗೆದುಹಾಕಲು ಅವರಿಗೆ 41 ವರ್ಷ ಹಿಡಿಯಿತು.

ಎರಡನೇ ಮಹಾಯುದ್ಧದ ಹೊತ್ತಿಗೆ ಈ ಕೋಟಾಗಳ ಕ್ರೌರ್ಯ ಬಯಲಾಯಿತು. ಹಿಟ್ಲರನ ಕೈಯಿಂದ ತಪ್ಪಿಸಿಕೊಳ್ಳಲು ಹವಣಿಸುತ್ತಿದ್ದ ಯಹೂದಿಗಳಿಗೆ ಅಮೆರಿಕದ ಬಾಗಿಲು ತೆರೆಯಲಿಲ್ಲ. ತಮ್ಮದೇ ಪಕ್ಷದ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದರೂ ಸೆಲ್ಲರ್ 1943ರಲ್ಲಿ ಸರ್ಕಾರದ ವಲಸೆ ನೀತಿಯನ್ನು ತಣ್ಣನೆಯ ಕ್ರೌರ್ಯ ಎಂಬರ್ಥದ ಮಾತಿನಿಂದಲೇ ಖಂಡಿಸಿದರು.

ಭಾರತೀಯರ ಮಟ್ಟಿಗೆ ಮೊದಲ ಬಿರುಕು ಮೂಡಿದ್ದು 1946ರಲ್ಲಿ. ಇಂಡಿಯಾ ಲೀಗ್ ಆಫ್ ಅಮೆರಿಕದ ಜೆ.ಜೆ. ಸಿಂಗ್ ವಾಷಿಂಗ್ಟನ್ನಿನಲ್ಲಿ ಬಾಗಿಲು ಬಾಗಿಲು ತಟ್ಟಿ ಓಡಾಡಿದರು. ರಿಪಬ್ಲಿಕನ್ ಸದಸ್ಯೆ ಕ್ಲೇರ್ ಬೂತ್ ಲೂಸ್ ಮತ್ತು ಡೆಮಾಕ್ರಟ್ ಸೆಲ್ಲರ್ ಮಸೂದೆಗೆ ಹೆಗಲು ಕೊಟ್ಟರು. ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಅಂಕಿತ ಹಾಕಿದ ಲೂಸ್–ಸೆಲ್ಲರ್ ಕಾನೂನು ಭಾರತೀಯರಿಗೆ ವರ್ಷಕ್ಕೆ 100 ಜನರ ಕೋಟಾ ಕೊಟ್ಟಿತು. ಇಡೀ ಭಾರತಕ್ಕೆ ನೂರು! ಅದಕ್ಕಿಂತ ದೊಡ್ಡದು ಅದರ ಜೊತೆ ಬಂದ ಪೌರತ್ವದ ಹಕ್ಕು. ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪೌರರಾಗಿ, 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ಪ್ರತಿನಿಧಿ ಸಭೆಗೇ ಆಯ್ಕೆಯಾದದ್ದು ಈ ಹಕ್ಕಿನ ಬಲದಿಂದ.

ಅಧ್ಯಕ್ಷರ ಕುರ್ಚಿ

1949ರಲ್ಲಿ ಸೆಲ್ಲರ್ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾದರು. ರಿಪಬ್ಲಿಕನ್ನರಿಗೆ ಬಹುಮತವಿದ್ದ 1953–55ರ ಎರಡು ವರ್ಷ ಬಿಟ್ಟರೆ 1973ರವರೆಗೆ ಅಲ್ಲಿಯೇ ಇದ್ದರು. ನಾಗರಿಕ ಹಕ್ಕು, ವಲಸೆ, ಏಕಸ್ವಾಮ್ಯ ತಡೆ, ಸಂವಿಧಾನದ ತಿದ್ದುಪಡಿ, ನ್ಯಾಯಾಲಯಗಳ ರಚನೆ ಎಲ್ಲವೂ ಈ ಒಂದೇ ಸಮಿತಿಗೆ ಬರುತ್ತವೆ. ಯಾವ ಮಸೂದೆ ಯಾವ ಉಪಸಮಿತಿಗೆ, ವಿಚಾರಣೆ ಯಾವಾಗ, ವಿಚಾರಣೆ ಇದೆಯೋ ಇಲ್ಲವೋ – ತೀರ್ಮಾನ ಅಧ್ಯಕ್ಷರದು. ಸುಮ್ಮನೆ ಕೂತರೆ ಸಾಕು, ಮಸೂದೆ ಸಾಯುತ್ತದೆ. ಮತಕ್ಕೆ ಹಾಕಿ ಸೋಲಿಸುವ ತೊಂದರೆಯೇ ಇಲ್ಲ.

ವಕೀಲರ ಕಣ್ಣು ಎಲ್ಲಿ ಹೋಗುತ್ತದೆ ಎಂಬುದಕ್ಕೆ 1950ರ ಸೆಲ್ಲರ್–ಕೆಫಾವರ್ ಕಾನೂನು ಸಣ್ಣ, ಚೊಕ್ಕ ಉದಾಹರಣೆ. ಪೈಪೋಟಿ ಕೊಲ್ಲುವ ಕಂಪನಿ ವಿಲೀನಗಳನ್ನು 1914ರ ಕ್ಲೇಟನ್ ಕಾನೂನಿನ 7ನೇ ಕಲಮು ತಡೆಯುತ್ತಿತ್ತು. ಆದರೆ ಅದು ಮಾತಾಡಿದ್ದು ಷೇರು ಖರೀದಿಯ ಬಗ್ಗೆ ಮಾತ್ರ. ಷೇರು ಮುಟ್ಟದೆ ಕಾರ್ಖಾನೆ, ಯಂತ್ರ, ಗೋದಾಮುಗಳನ್ನು ಕೊಂಡರೆ ಕಾನೂನು ಕೈಕಟ್ಟಿ ಕೂರಬೇಕಿತ್ತು. ಆಸ್ತಿ ಖರೀದಿಯನ್ನೂ ಸೇರಿಸಿ ಆ ಕಿಂಡಿ ಮುಚ್ಚಿದರು. 1962ರಲ್ಲಿ ಬ್ರೌನ್ ಶೂ ಕಂಪನಿ ಕಿನ್ನಿ ಕಂಪನಿಯನ್ನು ಕೊಂಡದ್ದನ್ನು ಸುಪ್ರೀಂ ಕೋರ್ಟ್ ತಡೆದದ್ದು ಈ ತಿದ್ದಿದ ಕಲಮಿನ ಮೇಲೆಯೇ.

1963: ಹೆಚ್ಚು ಬಿಗಿಮಾಡಿ ಎಡವಿದ್ದು

ಕಪ್ಪು ಜನರ ವಿರುದ್ಧದ ತಾರತಮ್ಯ ತಡೆಯುವ ನಾಗರಿಕ ಹಕ್ಕುಗಳ ಮಸೂದೆಯನ್ನು ಅಧ್ಯಕ್ಷ ಕೆನಡಿ 1963ರ ಜೂನ್ 19ರಂದು ಕಳಿಸಿದರು. ಮರುದಿನ ಸೆಲ್ಲರ್ ಅದನ್ನು ಎಚ್.ಆರ್. 7152 ಎಂಬ ಸಂಖ್ಯೆಯಡಿ ಮಂಡಿಸಿ, ತಾವೇ ಅಧ್ಯಕ್ಷರಾಗಿದ್ದ 5ನೇ ಉಪಸಮಿತಿಗೆ ತೆಗೆದುಕೊಂಡರು. ವಲಸೆ ಮಸೂದೆಗಳು ಮಾತ್ರ ಬೇರೆಯವರ ಉಪಸಮಿತಿಗೆ ಹೋಗುತ್ತಿದ್ದವು. ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ.

ಲೆಕ್ಕ ಹೀಗಿತ್ತು. 435 ಸದಸ್ಯರ ಸದನದಲ್ಲಿ 218 ಮತ ಬೇಕು. ದಕ್ಷಿಣದ ಡೆಮಾಕ್ರಟರು ಸುಮಾರು ನೂರು ಮಂದಿ, ಯಾವ ಕಾರಣಕ್ಕೂ ಬೆಂಬಲಿಸುವವರಲ್ಲ. ಅಂದರೆ ಹತ್ತಾರು ರಿಪಬ್ಲಿಕನ್ ಮತಗಳಿಲ್ಲದೆ ದಡ ಮುಟ್ಟುವಂತಿರಲಿಲ್ಲ. ಅದರ ಬೀಗದ ಕೈ ಸಮಿತಿಯ ಹಿರಿಯ ರಿಪಬ್ಲಿಕನ್, ಒಹಾಯೋದ ಪಿಕ್ವಾ ಎಂಬ ಸಣ್ಣ ಊರಿನ ವಕೀಲ ವಿಲಿಯಂ ಮಕಲಕ್ ಅವರ ಬಳಿ ಇತ್ತು. ನ್ಯಾಯ ಇಲಾಖೆಯ ಬರ್ಕ್ ಮಾರ್ಷಲ್ ಜುಲೈ 2ರಂದು ಪಿಕ್ವಾಗೇ ಹೋಗಿ ಮಾತಾಡಿದರು. ಮಕಲಕ್ ಅವರ ಮುಖ್ಯ ಷರತ್ತು: ಪ್ರತಿನಿಧಿ ಸಭೆ ಒಪ್ಪಿದ್ದನ್ನು ಸೆನೆಟ್‌ನಲ್ಲಿ ಸಡಿಲ ಮಾಡಬಾರದು. 1957ರಲ್ಲಿ ಹಾಗೆಯೇ ಆಗಿತ್ತು. ಕೆಳಮನೆಯವರು ತಮ್ಮ ಕ್ಷೇತ್ರದಲ್ಲಿ ಕೆಟ್ಟವರಾಗಿ ಕಠಿಣ ಮಸೂದೆಗೆ ಮತ ಹಾಕಿದ್ದರು. ಮೇಲ್ಮನೆ ಅದರ ಹಲ್ಲು ಕಿತ್ತಿತ್ತು.

ಆದರೆ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಕಪ್ಪು ಹುಡುಗಿಯರು ಸತ್ತರು. ಉಪಸಮಿತಿಯ ಉದಾರವಾದಿಗಳು ಮಸೂದೆಯನ್ನು ಬಿಗಿಮಾಡುತ್ತ ಹೋದರು, ಸೆಲ್ಲರ್ ತಡೆಯಲಿಲ್ಲ. ಹೋಟೆಲು, ಚಿತ್ರಮಂದಿರಗಳಲ್ಲಿ ತಾರತಮ್ಯ ಮಾಡಬಾರದೆಂಬ ನಿಯಮ ರಾಜ್ಯದ ಪರವಾನಗಿ ಪಡೆದ ಬಹುತೇಕ ಎಲ್ಲ ವ್ಯವಹಾರಗಳಿಗೂ ಹಬ್ಬಿತು. ಮತದಾನದ ರಕ್ಷಣೆ ರಾಜ್ಯ ಚುನಾವಣೆಗಳಿಗೂ ಹೋಯಿತು. ಆಮೇಲೆ ಚೌಕಾಸಿಯಲ್ಲಿ ಬಿಟ್ಟುಕೊಡಲು ಏನಾದರೂ ಕೈಯಲ್ಲಿರಲಿ ಎಂಬುದು ಸೆಲ್ಲರ್ ಲೆಕ್ಕಾಚಾರ. ನ್ಯಾಯಾಲಯದಲ್ಲಿ ಹೆಚ್ಚು ಕೇಳಿ ಕಡಿಮೆಗೆ ರಾಜಿಯಾಗುವ ವಕೀಲಿ ಪಟ್ಟು ಇದು. ಇಲ್ಲಿ ಅದು ತಿರುಗಿ ಬಿತ್ತು. ಮೊದಲೇ ಮಾತಾಗಿದ್ದ ಮಕಲಕ್ ಇದನ್ನು ವಂಚನೆಯೆಂದು ಕಂಡರು. ಮಸೂದೆ ಸದನದಲ್ಲಿ ಬೀಳಲಿ ಎಂದೇ ದಕ್ಷಿಣದವರು ಈ ಬಿಗಿ ರೂಪಕ್ಕೆ ಮತ ಹಾಕಲು ಸಿದ್ಧರಾದರು. ಹೀಗೆ ಆಪ್ತರೂ ವೈರಿಗಳೂ ಒಂದೇ ಕಡೆ ಕೈ ಎತ್ತುವ ಪರಿಸ್ಥಿತಿ ಬಂತು.

ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಅಕ್ಟೋಬರ್ ಮಧ್ಯದಲ್ಲಿ ಸಮಿತಿಯ ಮುಂದೆ ಕೂತು, ಇದು ಅಂಗೀಕಾರವಾಗುವ ಮಸೂದೆಯಲ್ಲ ಎಂದು ಬಿಡಿಸಿ ಹೇಳಬೇಕಾಯಿತು. ಅಧ್ಯಕ್ಷ ಕೆನಡಿಯೇ ಎರಡೂ ಕಡೆಯವರನ್ನು ಕರೆಸಿ ಕೂರಿಸಿದರು. ಅಕ್ಟೋಬರ್ 29ರಂದು ಬಿಗಿ ರೂಪ 19–15ರಿಂದ ಸೋತು, ರಾಜಿಯ ರೂಪ 23–11ರಿಂದ ಗೆದ್ದಿತು. ರಾಜಿ ಅಂದರೂ ಅದು ಮೊದಲು ಕೆನಡಿ ಕಳಿಸಿದ್ದಕ್ಕಿಂತ ಬಲವಾಗಿತ್ತು: ಉದ್ಯೋಗದಲ್ಲಿ ತಾರತಮ್ಯ ತಡೆಯುವ ಆಯೋಗ ಅದರಲ್ಲಿ ಉಳಿಯಿತು.

ನವೆಂಬರ್ 22ರಂದು ಕೆನಡಿ ಹತ್ಯೆಯಾಯಿತು. ಮಸೂದೆ ಆಗ ನಿಯಮ ಸಮಿತಿಯಲ್ಲಿತ್ತು. ಯಾವ ಮಸೂದೆ ಯಾವ ಷರತ್ತಿನ ಮೇಲೆ ಸದನಕ್ಕೆ ಹೋಗಬೇಕೆಂದು ತೀರ್ಮಾನಿಸುವ ಆ ಸಮಿತಿಗೆ ಅಧ್ಯಕ್ಷರು ವರ್ಜೀನಿಯಾದ ಹೊವರ್ಡ್ ಸ್ಮಿತ್, ಮಸೂದೆಯ ಕಟ್ಟಾ ವಿರೋಧಿ. ಸೆಲ್ಲರ್ ಡಿಸೆಂಬರ್ 9ರಂದು ಡಿಸ್ಚಾರ್ಜ್ ಪಿಟಿಷನ್ ಹಾಕಿದರು. ಸಮಿತಿ ಹಿಡಿದಿಟ್ಟುಕೊಂಡದ್ದನ್ನು ಸದನದ ಅರ್ಧಕ್ಕಿಂತ ಹೆಚ್ಚು ಸದಸ್ಯರು, ಅಂದರೆ 218 ಮಂದಿ, ಸಹಿ ಹಾಕಿ ಹೊರಗೆಳೆಯುವ ಅರ್ಜಿ ಅದು. ಅದು ಗುರಿ ಮುಟ್ಟುವುದು ಬಲು ಅಪರೂಪ. ಇನ್ನೊಬ್ಬ ಅಧ್ಯಕ್ಷರ ಸಮಿತಿಗೆ ಕೈಹಾಕುವುದು ಸಭ್ಯತೆಯಲ್ಲ ಎಂಬ ಭಾವನೆ ಹಿರಿಯ ಸದಸ್ಯರಲ್ಲಿ ಗಟ್ಟಿಯಾಗಿತ್ತು. ನಾಳೆ ತಮ್ಮ ಸಮಿತಿಗೂ ಅದೇ ಗತಿ ಬರಬಹುದಲ್ಲ! 218 ಆಗುವವರೆಗೆ ಸಹಿ ಹಾಕಿದವರ ಹೆಸರುಗಳೂ ಗುಟ್ಟಾಗಿರುತ್ತಿದ್ದವು (1993ರಲ್ಲಿ ಆ ನಿಯಮ ಹೋಯಿತು), ಹಾಗಾಗಿ ಹಾಕದವರ ಮೇಲೆ ಮತದಾರರ ಒತ್ತಡವೂ ಬೀಳುತ್ತಿರಲಿಲ್ಲ. ಸೆಲ್ಲರ್ ಅವರ ಅರ್ಜಿಯೂ 218 ಮುಟ್ಟಲಿಲ್ಲ. ಆದರೆ ಸಹಿಗಳು ಏರುತ್ತಿದ್ದುದನ್ನು ಕಂಡು ಸ್ಮಿತ್ ಜನವರಿಯಲ್ಲಿ ವಿಚಾರಣೆಗೆ ಒಪ್ಪಿದರು. 1964ರ ಜನವರಿ 30ರಂದು ನಿಯಮ ಸಮಿತಿ 11–4ರಿಂದ ಮಸೂದೆಯನ್ನು ಬಿಟ್ಟಿತು. ಫೆಬ್ರುವರಿ 10ರಂದು ಸದನ 290–130ರಿಂದ ಅಂಗೀಕರಿಸಿತು: ಪರವಾಗಿ 152 ಡೆಮಾಕ್ರಟರು, 138 ರಿಪಬ್ಲಿಕನ್ನರು. ಮಕಲಕ್ ಮಾತು ಉಳಿಸಿಕೊಂಡಿದ್ದರು.

ಅದಕ್ಕೆ ಎರಡು ದಿನ ಮುಂಚೆ ಇನ್ನೊಂದು ಘಟನೆ ನಡೆದಿತ್ತು. ಉದ್ಯೋಗದ ಅಧ್ಯಾಯದಲ್ಲಿ ಜನಾಂಗ, ಧರ್ಮಗಳ ಜೊತೆ ಲಿಂಗ ಎಂಬ ಪದವನ್ನೂ ಸೇರಿಸಬೇಕೆಂದು ಸ್ಮಿತ್ ತಿದ್ದುಪಡಿ ತಂದರು. ಮಸೂದೆಗೆ ಹೊರೆಯಾದೀತೆಂದು ಸೆಲ್ಲರ್ ವಿರೋಧಿಸಿದರು. ಆ ವಿರೋಧಕ್ಕೆ ರಾಜಕೀಯ ಕಾರಣವಿತ್ತು. ಅವರು ಬಳಸಿದ ಧಾಟಿಗೆ ಇರಲಿಲ್ಲ: ನಮ್ಮ ಮನೆಯಲ್ಲಿ ಕೊನೆಯ ಎರಡು ಮಾತು ಯಾವಾಗಲೂ ನನ್ನವೇ, ಅವು "ಆಯಿತು, ಡಿಯರ್" ಎಂದು ನಗಿಸಿದರು. ಮಿಷಿಗನ್ನಿನ ಸದಸ್ಯೆ ಮಾರ್ಥಾ ಗ್ರಿಫಿತ್ಸ್ ಎದ್ದು, ಹೆಂಗಸರನ್ನು ಎರಡನೇ ದರ್ಜೆಯವರೆಂದು ಕಾಣುತ್ತೀರಿ ಎಂಬುದಕ್ಕೆ ಈ ನಗುವೇ ಸಾಕ್ಷಿ ಎಂದರು. ತಿದ್ದುಪಡಿ 168–133ರಿಂದ ಗೆದ್ದಿತು. ಗ್ರಿಫಿತ್ಸ್ ಹೆಸರು ನೆನಪಿರಲಿ.

1965: ಮೇಲು ಕೆಳಗಾದ ಪಟ್ಟಿ

ವಲಸೆ ಉಪಸಮಿತಿ ಬಹುಕಾಲ ಪೆನ್ಸಿಲ್ವೇನಿಯಾದ ಫ್ರಾನ್ಸಿಸ್ ವಾಲ್ಟರ್ ಕೈಯಲ್ಲಿತ್ತು. 1952ರ ಮೆಕಾರನ್–ವಾಲ್ಟರ್ ಕಾನೂನಿನಲ್ಲಿ ಕೋಟಾ ಪದ್ಧತಿಯನ್ನು ಉಳಿಸಿದವರು ಅವರೇ. ಇಡೀ ಸಮಿತಿಗೆ ಅಧ್ಯಕ್ಷರಾಗಿದ್ದೂ ಸೆಲ್ಲರ್‌ಗೆ ವಾಲ್ಟರ್ ಅವರನ್ನು ದಾಟಲಾಗಲಿಲ್ಲ. 1963ರ ಮೇ ತಿಂಗಳಲ್ಲಿ ವಾಲ್ಟರ್ ತೀರಿಕೊಂಡರು. ಜುಲೈನಲ್ಲಿ ಕೆನಡಿ ಕೋಟಾ ರದ್ದತಿಯ ಪ್ರಸ್ತಾವ ಕಳಿಸಿದರು. ಆದರೆ ಉಪಸಮಿತಿಯ ಹೊಸ ಅಧ್ಯಕ್ಷ, ಒಹಾಯೋದ ಮೈಕೆಲ್ ಫೀಗನ್, 1964ರ ನಡುವಿನವರೆಗೆ ವಿಚಾರಣೆಯನ್ನೇ ಕರೆಯಲಿಲ್ಲ. ಕೆನಡಿಯ ನಂತರ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಆ ವರ್ಷದ ಚುನಾವಣೆಯಲ್ಲಿ ಭಾರಿ ಬಹುಮತದಿಂದ ಗೆದ್ದ ಮೇಲೆ ಫೀಗನ್ ಕೂಡ ಬಗ್ಗಿದರು. ಬಗ್ಗಿದ್ದಕ್ಕೆ ಒಂದು ಬೆಲೆ ಕೇಳಿದರು.

ಸರ್ಕಾರದ ಮೂಲ ಕರಡಿನಲ್ಲಿ ಮೊದಲ ಪ್ರಾಶಸ್ತ್ಯ ಕೌಶಲಕ್ಕೆ, ಅದೂ ಒಟ್ಟು ವೀಸಾಗಳ ಅರ್ಧ. ಫೀಗನ್ ಆ ಪಟ್ಟಿಯನ್ನು ಮೇಲುಕೆಳಗು ಮಾಡಿ ಕುಟುಂಬವನ್ನು ಮುಂದಿಟ್ಟರು. ಕೊನೆಗೆ ಉಳಿದ ಏಳು ಮೆಟ್ಟಿಲುಗಳು ಇವು: ಪೌರರ ಅವಿವಾಹಿತ ವಯಸ್ಕ ಮಕ್ಕಳಿಗೆ ಶೇಕಡಾ 20, ಕಾಯಂ ನಿವಾಸಿಗಳ ಪತಿ, ಪತ್ನಿ, ಅವಿವಾಹಿತ ಮಕ್ಕಳಿಗೆ 20, ವೈದ್ಯರು, ವಿಜ್ಞಾನಿಗಳು ಮುಂತಾದ ವೃತ್ತಿಪರರಿಗೆ 10, ಪೌರರ ವಿವಾಹಿತ ಮಕ್ಕಳಿಗೆ 10, ಪೌರರ ಅಣ್ಣ ತಮ್ಮ, ಅಕ್ಕ ತಂಗಿಯರಿಗೆ 24, ಕೊರತೆಯಿರುವ ಕೆಲಸಗಳಿಗೆ 10, ನಿರಾಶ್ರಿತರಿಗೆ 6. ಯುರೋಪ್, ಏಷ್ಯಾ, ಆಫ್ರಿಕಾ ಇತ್ಯಾದಿಗಳ ಪೂರ್ವಾರ್ಧ ಗೋಳಕ್ಕೆ ವರ್ಷಕ್ಕೆ 1,70,000, ಯಾವುದೇ ಒಂದು ದೇಶಕ್ಕೆ 20,000 ಮಿತಿ. ಪೌರರ ಪತಿ, ಪತ್ನಿ, ಚಿಕ್ಕ ಮಕ್ಕಳು, ತಂದೆ ತಾಯಿ ಈ ಲೆಕ್ಕದ ಹೊರಗೆ.

ಕುಟುಂಬಕ್ಕೆ ಆದ್ಯತೆ ಕೊಟ್ಟರೆ ಈಗಾಗಲೇ ಇರುವವರ ನೆಂಟರೇ ಬರುತ್ತಾರೆ, ಹಾಗಾಗಿ ಯುರೋಪಿನ ಬಣ್ಣವೇ ಉಳಿಯುತ್ತದೆ ಎಂಬುದು ಆ ಪಟ್ಟಿಯನ್ನು ತಿರುಗಿಸಿದವರ ನಂಬಿಕೆ. ಸೆಲ್ಲರ್ ಕೂಡ ಅದೇ ವಾದವನ್ನು ಸದನದಲ್ಲಿ ಹೂಡಿದರು: ಏಷ್ಯಾ, ಆಫ್ರಿಕಾದವರಿಗೆ ಇಲ್ಲಿ ನೆಂಟರು ಕಡಿಮೆ, ಹೆಚ್ಚು ಮಂದಿ ಬರಲಾರರು. ಅನುಮಾನದಲ್ಲಿದ್ದವರನ್ನು ಒಲಿಸಲು ಆ ಮಾತು ಕೆಲಸ ಮಾಡಿತು. 1965ರ ಆಗಸ್ಟ್ 25ರಂದು 318–95, ಸೆಪ್ಟೆಂಬರ್ 22ರಂದು ಸೆನೆಟ್‌ನಲ್ಲಿ 76–18. ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ಬುಡದಲ್ಲಿ ಜಾನ್ಸನ್ ಅಂಕಿತ ಹಾಕಿದರು.

ಊಹೆ ಸುಳ್ಳಾದದ್ದು ಮೂರನೇ ಮತ್ತು ಐದನೇ ಮೆಟ್ಟಿಲು ಕೂಡಿಕೊಂಡದ್ದರಿಂದ. ಯುದ್ಧಾನಂತರ ಚೇತರಿಸಿಕೊಂಡ ಪಶ್ಚಿಮ ಯುರೋಪಿನವರಿಗೆ ಹಿಂದಿನಷ್ಟು ಆತುರವಿರಲಿಲ್ಲ. ಭಾರತ, ಕೊರಿಯಾ, ಫಿಲಿಪ್ಪೀನ್ಸ್‌ಗಳ ವೈದ್ಯರು, ಎಂಜಿನಿಯರುಗಳು ಮೂರನೇ ಮೆಟ್ಟಿಲಿನಿಂದ ಒಳಬಂದರು. ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ ಅದೇ 1965ರಲ್ಲಿ ಬಂದು ಆಸ್ಪತ್ರೆಗಳಿಗೆ ವೈದ್ಯರು ಬೇಕಾಗಿದ್ದರು. ಬಂದವರು ಐದು ವರ್ಷ ಕಳೆದು ಪೌರತ್ವ ಪಡೆದು ಅಣ್ಣ ತಮ್ಮಂದಿರಿಗೆ ಅರ್ಜಿ ಹಾಕಿದರು. ಅವರು ಬಂದು ತಮ್ಮ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ವರ್ಷಕ್ಕೆ 100ರ ಕೋಟಾ ಇದ್ದ ಭಾರತದಿಂದ 1970ರ ದಶಕದ ನಡುವಿನ ಹೊತ್ತಿಗೆ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಹೋಗುತ್ತಿದ್ದರು. ನಮ್ಮ ಅಭಿಪ್ರಾಯದಲ್ಲಿ ಇದು ಅಮೆರಿಕದ ಶಾಸನ ಚರಿತ್ರೆಯ ಅತ್ಯಂತ ಫಲವತ್ತಾದ ತಪ್ಪು ಲೆಕ್ಕ.

ಎರಡು ತೊಡಕುಗಳೂ ಅದೇ ಕಾನೂನಿನಲ್ಲಿ ಹುಟ್ಟಿದವು. ಅಲ್ಲಿಯವರೆಗೆ ಸಂಖ್ಯೆಯ ಮಿತಿಯಿಲ್ಲದ ಮೆಕ್ಸಿಕೋ, ಕೆನಡಾ ಇತ್ಯಾದಿಗಳ ಪಶ್ಚಿಮಾರ್ಧ ಗೋಳಕ್ಕೆ ಸೆನೆಟ್ 1,20,000ದ ಮಿತಿ ಸೇರಿಸಿತು. ಮೆಕ್ಸಿಕೋದಿಂದ ಕೂಲಿಗಳನ್ನು ಕರೆಸುತ್ತಿದ್ದ ಬ್ರಸೇರೋ ಯೋಜನೆ 1964ರಲ್ಲೇ ಮುಗಿದಿತ್ತು. ಕೆಲಸ ಇತ್ತು, ಕಾನೂನಿನ ದಾರಿ ಕಿರಿದಾಯಿತು. ಅಕ್ರಮ ವಲಸೆ ಬೆಳೆಯಿತು. ಇನ್ನೊಂದು, ದೊಡ್ಡ ದೇಶಕ್ಕೂ ಚಿಕ್ಕ ದೇಶಕ್ಕೂ ಒಂದೇ ಮಿತಿ. 1965ರಲ್ಲಿ ಅದು ಸಮಾನತೆಯಾಗಿ ಕಂಡಿತು. 1990ರ ಕಾನೂನು ಅದನ್ನು ಶೇಕಡಾ 7 ಎಂದು ಬದಲಿಸಿತು. ಉದ್ಯೋಗ ಆಧಾರಿತ 1,40,000 ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶಕ್ಕೆ ಅದು ಸುಮಾರು 9,800, ಕುಟುಂಬದವರನ್ನೂ ಸೇರಿಸಿ. ಬೆಂಗಳೂರಿನಿಂದ ಹೋಗಿ ಕೆಲಸ ಮಾಡುತ್ತಿರುವ ಎಂಜಿನಿಯರು ಗ್ರೀನ್ ಕಾರ್ಡಿಗಾಗಿ ವರ್ಷಾನುಗಟ್ಟಲೆ ಕಾಯುವುದರ ಬೇರು ಅಲ್ಲಿದೆ.

ಅದೇ ಆಯುಧ, ಬೇರೆ ಕೈ

ಅಧ್ಯಕ್ಷರ ಕುರ್ಚಿಯಿಂದ ಸೆಲ್ಲರ್ ಬಿಟ್ಟ ಮಸೂದೆಗಳ ಪಟ್ಟಿ ದೊಡ್ಡದು: 1957, 1960, 1964, 1968ರ ನಾಗರಿಕ ಹಕ್ಕು ಕಾನೂನುಗಳು, 1965ರ ಮತದಾನ ಹಕ್ಕು ಕಾನೂನು, ಸಂವಿಧಾನದ 23ರಿಂದ 26ರವರೆಗಿನ ತಿದ್ದುಪಡಿಗಳು. ಬಿಡದೆ ಹಿಡಿದಿಟ್ಟದ್ದೂ ಇತ್ತು. ಸ್ತ್ರೀ ಪುರುಷ ಸಮಾನ ಹಕ್ಕುಗಳ ಸಂವಿಧಾನ ತಿದ್ದುಪಡಿ ಅವರ ಸಮಿತಿಯಲ್ಲಿ ವರ್ಷಗಟ್ಟಲೆ ವಿಚಾರಣೆಯಿಲ್ಲದೆ ಬಿದ್ದಿತ್ತು. ಹೆಂಗಸರ ಕೆಲಸದ ಅವಧಿ, ಭಾರ ಎತ್ತುವ ಮಿತಿ ಮುಂತಾದ ರಕ್ಷಣಾ ಕಾನೂನುಗಳು ಬಿದ್ದುಹೋಗುತ್ತವೆ ಎಂಬುದು ಅವರ ವಾದ. ಕಾರ್ಮಿಕ ಸಂಘಗಳೂ ಬಹುಕಾಲ ಹಾಗೇ ಹೇಳುತ್ತಿದ್ದವು, ಆದ್ದರಿಂದ ವಾದ ಪೊಳ್ಳಲ್ಲ. ಆದರೆ ವಾದವನ್ನು ಸದನದ ಮುಂದಿಟ್ಟು ಗೆಲ್ಲುವ ಬದಲು ಕಡತವನ್ನೇ ಮುಚ್ಚಿಟ್ಟದ್ದು ತಪ್ಪು. ಹೊವರ್ಡ್ ಸ್ಮಿತ್ ವಿರುದ್ಧ ಸೆಲ್ಲರ್ ಹೊರಿಸಿದ್ದ ಆರೋಪ ಇದೇ ತಾನೇ.

1970ರ ಜೂನ್‌ನಲ್ಲಿ ಮಾರ್ಥಾ ಗ್ರಿಫಿತ್ಸ್ ಡಿಸ್ಚಾರ್ಜ್ ಪಿಟಿಷನ್ ಹಾಕಿದರು. ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಸಹಿ ಹಾಕಿಸಿ, ಜುಲೈನಲ್ಲೇ 218 ಮುಟ್ಟಿಸಿದರು. ಸೆಲ್ಲರ್ 1963ರಲ್ಲಿ ಮುಟ್ಟಲಾಗದ ಸಂಖ್ಯೆ ಅದು. ಆಗಸ್ಟ್ 10ರಂದು ಸದನ ತಿದ್ದುಪಡಿಯನ್ನು ಒಪ್ಪಿದಾಗ ವಿರುದ್ಧ ಬಿದ್ದದ್ದು 15 ಮತ ಮಾತ್ರ. ಆ ಸಲ ಸೆನೆಟ್‌ನಲ್ಲಿ ನಿಂತುಹೋಯಿತು. 1972ರ ಮಾರ್ಚ್‌ನಲ್ಲಿ ಸೆನೆಟ್ ಕೂಡ ಒಪ್ಪಿ ರಾಜ್ಯಗಳಿಗೆ ಕಳಿಸಿತು.

ಅಷ್ಟರಲ್ಲಿ ವಕೀಲಿಕೆಯ ಕಡೆಯಿಂದಲೂ ಮಸಿ ಹತ್ತಿತ್ತು. ಸಂಸದರಾದ ಮೇಲೂ ಸೆಲ್ಲರ್ ವಕೀಲಿಕೆ ಬಿಟ್ಟಿರಲಿಲ್ಲ. ಕೇಂದ್ರ ಸರ್ಕಾರದ ಇಲಾಖೆಗಳ ಮುಂದೆ ಸಂಸದರು ಹಣ ಪಡೆದು ಕಕ್ಷಿದಾರರ ಪರ ವಾದಿಸುವಂತಿಲ್ಲ. ಅದಕ್ಕೆ ಅವರ ನ್ಯೂಯಾರ್ಕ್ ಕಚೇರಿಗೆ ಎರಡು ಫಲಕಗಳಿದ್ದವು: ಒಂದು ಬಾಗಿಲಿನ ಮೇಲೆ ಅವರ ಹೆಸರು ಸೇರಿದ ಸಂಸ್ಥೆ, ಇನ್ನೊಂದರ ಮೇಲೆ ಅವರ ಹೆಸರು ಬಿಟ್ಟ ಸಂಸ್ಥೆ. ಸರ್ಕಾರಕ್ಕೆ ಸಂಬಂಧಪಟ್ಟ ಕೇಸುಗಳು ಎರಡನೇ ಬಾಗಿಲಿಗೆ. ಅಕ್ಷರಶಃ ನೋಡಿದರೆ ನಿಯಮ ಮುರಿದಿಲ್ಲ. ಆದರೆ ನ್ಯಾಯಾಂಗ ಸಮಿತಿಯ ಅಧ್ಯಕ್ಷರ ಪಾಲುದಾರರು ಯಾರೆಂದು ಯಾವ ಅಧಿಕಾರಿಗೆ ಗೊತ್ತಿರಲಿಲ್ಲ? ನ್ಯೂಯಾರ್ಕ್ ನಗರದ ವಕೀಲರ ಸಂಘ 1970ರಲ್ಲಿ ಸಂಸದರ ನಡತೆಯ ಬಗ್ಗೆ ತಂದ ವರದಿ ಈ ಎರಡು ಬಾಗಿಲ ಪದ್ಧತಿಯನ್ನು ಕಟುವಾಗಿ ಟೀಕಿಸಿತು.

1972ರ ಪ್ರೈಮರಿಯಲ್ಲಿ, ಅಂದರೆ ಪಕ್ಷದೊಳಗಿನ ಅಭ್ಯರ್ಥಿ ಆಯ್ಕೆಯ ಚುನಾವಣೆಯಲ್ಲಿ, 30 ವರ್ಷದ ವಕೀಲೆ ಎಲಿಜಬೆತ್ ಹೋಲ್ಟ್ಸ್‌ಮನ್ ಎದುರು ನಿಂತರು. ಸೆಲ್ಲರ್‌ಗೆ 84. ಕ್ಷೇತ್ರದಲ್ಲಿ ಜನ ಬಂದು ಕಾಣಲು ಒಂದು ಕಚೇರಿಯೂ ಇಲ್ಲ, ವಿಯೆಟ್ನಾಂ ಯುದ್ಧವನ್ನು ಬೆಂಬಲಿಸುತ್ತ ಬಂದಿದ್ದಾರೆ, ಹೆಂಗಸರ ತಿದ್ದುಪಡಿಗೆ ಅಡ್ಡಗಾಲು ಹಾಕಿದ್ದಾರೆ – ಈ ಮೂರು ಮಾತನ್ನು ಹೋಲ್ಟ್ಸ್‌ಮನ್ ಸಬ್‌ವೇ ನಿಲ್ದಾಣಗಳಲ್ಲಿ, ಸಿನಿಮಾ ಸರದಿಗಳಲ್ಲಿ ಹೇಳುತ್ತ ನಡೆದರು. ವಾಷಿಂಗ್ಟನ್ ಸ್ಮಾರಕವನ್ನು ಹಲ್ಲುಕಡ್ಡಿಯಿಂದ ಉರುಳಿಸಲು ಹೊರಟಂತೆ ಎಂದು ಸೆಲ್ಲರ್ ತಳ್ಳಿಹಾಕಿದರು. ಪ್ರಚಾರಕ್ಕೆ ಇಳಿಯುವ ಅಗತ್ಯವೇ ಕಾಣಲಿಲ್ಲ ಅವರಿಗೆ. ಜೂನ್ 20ರಂದು ಸುಮಾರು 600 ಮತಗಳಿಂದ ಸೋತರು.

ನ್ಯಾಯಾಂಗ ಸಮಿತಿಯ ಅಧ್ಯಕ್ಷಗಿರಿ ಹಿರಿತನದಲ್ಲಿ ಮುಂದಿನವರಾದ ನ್ಯೂಜೆರ್ಸಿಯ ಪೀಟರ್ ರೊಡಿನೊಗೆ ಹೋಯಿತು. 1974ರಲ್ಲಿ ನಿಕ್ಸನ್ ವಿರುದ್ಧ ಮಹಾಭಿಯೋಗದ ಆರೋಪಗಳನ್ನು ಒಪ್ಪಿದ ಸಮಿತಿ ಅದೇ. ಹೋಲ್ಟ್ಸ್‌ಮನ್ ಅದರ ಸದಸ್ಯೆ. ಸಮಾನ ಹಕ್ಕುಗಳ ತಿದ್ದುಪಡಿಗೆ ರಾಜ್ಯಗಳು ಒಪ್ಪಿಗೆ ಕೊಡಲು ಇದ್ದ ಗಡುವನ್ನು 1978ರಲ್ಲಿ 1982ರ ಜೂನ್‌ವರೆಗೆ ವಿಸ್ತರಿಸುವ ನಿರ್ಣಯವನ್ನೂ ಅವರೇ ತಂದರು. ಮುಂದೆ ವಲಸೆ ಉಪಸಮಿತಿಗೆ ಅಧ್ಯಕ್ಷರಾಗಿ, ಎಡ್ವರ್ಡ್ ಕೆನಡಿ ಜೊತೆ 1980ರ ನಿರಾಶ್ರಿತರ ಕಾನೂನು ರೂಪಿಸಿದರು. ಸೆಲ್ಲರ್ ಪಟ್ಟಿಯ ಏಳನೇ ಮೆಟ್ಟಿಲಾಗಿದ್ದ ಶೇಕಡಾ 6ರ ಪಾಲನ್ನು ಆ ಕಾನೂನು ಅಲ್ಲಿಂದ ತೆಗೆದು, ನಿರಾಶ್ರಿತರಿಗೆ ವರ್ಷಕ್ಕೆ 50,000ದ ಪ್ರತ್ಯೇಕ ವ್ಯವಸ್ಥೆ ಮಾಡಿತು. ಅದು ಜಾರಿಗೆ ಬಂದಾಗ ಸೆಲ್ಲರ್ ಇನ್ನೂ ಬದುಕಿದ್ದರು. ಬ್ರೂಕ್ಲಿನ್‌ನಲ್ಲಿ ತೀರಿಕೊಂಡದ್ದು 1981ರ ಜನವರಿ 15ರಂದು, 92ನೇ ವಯಸ್ಸಿನಲ್ಲಿ.